ಫೈನಲ್ ಮುಗಿಯುವವರೆಗೆ

ಆ ಜನವರಿ ನೆನಪಾದರೆ ಮೊದಲು ಕೇಳಿಸುವುದು ಸ್ಟ್ರೈಕರ್ ಮರದ ಅಂಚಿಗೆ ಬಡಿಯುವ ಸದ್ದು, ಅದರ ಬೆನ್ನಿಗೇ ಕಾಯಿನ್ ಪಾಕೆಟ್ಟಿನ ಬಲೆಗೆ ಬೀಳುವ ಮೆತ್ತನೆಯ ಶಬ್ದ. ಗೋರೆಗಾಂವ್‌ನಲ್ಲಿದ್ದ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ನಾಲ್ಕು ಕ್ಯಾರಂ ಬೋರ್ಡುಗಳು ಒಟ್ಟಿಗೇ ನಡೆಯುತ್ತಿದ್ದವು.

ಮೈಸೂರು ಬಿಟ್ಟು ವಿಲೆ ಪಾರ್ಲೆಗೆ ಬಂದು ನಲವತ್ತು ವರ್ಷವಾಗಿದ್ದರೂ ನಾನು ಈ ಊರಿಗೆ ಹೊರಗಿನವಳೇ. ಜನವರಿಯಲ್ಲಿ ಮಾತ್ರ ಹಾಗೆ ಅನ್ನಿಸಲು ಪುರುಸೊತ್ತು ಇರುತ್ತಿರಲಿಲ್ಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಬಿಲ್ಡಿಂಗಿನ ಮರಾಠಿ ಮನೆಗಳಲ್ಲಿ ಹಳದಿ-ಕುಂಕುಮ, ಸೊಸೈಟಿಯ ಲೆಮನ್ ಅಂಡ್ ಸ್ಪೂನ್, ಸಂಘದ ಪಿಕ್‌ನಿಕ್, ಭಾನುವಾರಗಳಲ್ಲಿ ಲೇಡೀಸ್ ಡಬಲ್ಸ್. ಒಂದು ಸಂಜೆ ಖಾಲಿ ಉಳಿದರೆ ನನಗೆ ಗಾಬರಿ.

ನನ್ನ ಪಾರ್ಟ್‌ನರ್ ಘಾಟ್ಕೋಪರಿನಿಂದ ಬರುತ್ತಿದ್ದ ಧಾರವಾಡದ ಹೆಂಗಸು, ನನಗಿಂತ ಎರಡು ವರ್ಷ ಚಿಕ್ಕವಳು. ಐದು ವರ್ಷದಲ್ಲಿ ಮೂರು ಸಲ ಸೆಮಿಫೈನಲ್ಲಿನಲ್ಲೇ ಸೋತಿದ್ದೆವು.

"ನೀವು ಮೈಸೂರಾವ್ರು ಹೊಡಿಯೂದಿಲ್ಲ ಬಿಡ್ರಿ ಅಕ್ಕಾ, ಸ್ಟ್ರೈಕರ್‌ಗೆ ರಿಕ್ವೆಸ್ಟ್ ಮಾಡ್ತೀರಿ" ಅನ್ನುತ್ತಿದ್ದಳು.

"ನೀವು ಹೊಡೆದ್ರೆ ಕಾಯಿನ್ ದಾದರ್‌ಗೆ ಹೋಗಿ ಬೀಳುತ್ತೆ" ಅನ್ನುತ್ತಿದ್ದೆ ನಾನು.

ಆ ಸಲ ಸೆಮಿಫೈನಲ್ ಗೆದ್ದೆವು. ಗೆದ್ದ ಮಧ್ಯಾಹ್ನವೇ ಆಕೆ ನನ್ನನ್ನು ಹಾಲಿನ ಹೊರಗೆ, ಚಪ್ಪಲಿ ಬಿಡುವ ಜಾಗಕ್ಕೆ ಕರೆದಳು. ಮೆಟ್ಟಿಲು ಹತ್ತಿದರೆ ಆಕೆಗೆ ಉಸಿರು ಸಿಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು.

"ಶನಿವಾರ ಆಂಜಿಯೋಗ್ರಫಿ ಅಂದಾರ. ಮರುದಿನಾನ ಫೈನಲ್. ಅಡ್ಮಿಟ್ ಮಾಡ್ಕೊಂಡ್ರ ಮುಗೀತಲ್ರೀ. ಸೋಮವಾರಕ್ಕ ಹಾಕಿಸ್ಕೊಂಡೀನಿ. ಮನ್ಯಾಗ ಡಾಕ್ಟರ್ ಊರಾಗಿಲ್ಲ ಅಂತ ಹೇಳೀನಿ."

"ಡಾಕ್ಟರ್ ಏನಂದ್ರು?"

"ತಡ ಮಾಡಬ್ಯಾಡ್ರಿ ಅಂದ್ರು. ಎರಡು ದಿನ ಏನ್ ತಡರೀ?"

ಯಾರಿಗೆ ಯಾರು ಎದುರಾಳಿ ಎಂಬ ಡ್ರಾ ಎತ್ತಿದಮೇಲೆ ಜೋಡಿ ಬದಲಿಸುವಂತಿಲ್ಲ ಎಂಬುದು ಸಂಘದ ನಿಯಮ. ಆಕೆ ಬಾರದಿದ್ದರೆ ಎದುರಿನವರಿಗೆ ವಾಕ್‌ಓವರ್. ಅದು ನನ್ನ ತಲೆಯಲ್ಲಿ ಮೊದಲು ಬಂತು. ಆಕೆಯ ಉಸಿರಿನ ಯೋಚನೆ ಆಮೇಲೆ ಬಂತು. "ಹೌದು, ಎರಡೇ ದಿನ" ಎಂದೆ.

ಶುಕ್ರವಾರ ಆಕೆಯ ಸೊಸೆ ಫೋನ್ ಮಾಡಿದಳು. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗಿ. "ಆಂಟಿ, ಮಮ್ಮಿ ಬರೋಬರ್ ಇದಾರಾ? ನಮ್ಗೆ ಏನೂ ಬೋಲ್ತಾ ಇಲ್ಲ. ಸಚ್ಚಿ ಹೇಳಿ, ಡಾಕ್ಟರ್ ಊರಲ್ಲಿ ಇಲ್ವಾ?"

ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ಇಂಗ್ಲಿಷಿನಲ್ಲಿ ನಾನು, "ಶಿ ಈಸ್ ಪರ್ಫೆಕ್ಟ್‌ಲಿ ಆಲ್‌ರೈಟ್, ಮೈ ಡಿಯರ್. ಡೋಂಟ್ ವರಿ" ಎಂದೆ. ನನ್ನ ಇಂಗ್ಲಿಷನ್ನು ಜನ ಬೇಗ ನಂಬುತ್ತಾರೆ. ಆ ಹುಡುಗಿಯೂ ನಂಬಿದಳು.

ಡಬಲ್ಸ್‌ನಲ್ಲಿ ಜೋಡಿಯವರು ಎದುರುಬದುರು ಕೂರಬೇಕು. ಆಟ ಮುಗಿಯುವ ತನಕ ತಮ್ಮತಮ್ಮಲ್ಲಿ ಮಾತಾಡಕೂಡದು. ಫೈನಲ್ಲಿನ ಉದ್ದಕ್ಕೂ ನಾನು ಆಕೆಯ ಮುಖವನ್ನೇ ನೋಡುತ್ತಾ ಕೂತಿದ್ದೆ. ಫ್ಯಾನಿನ ಕೆಳಗೂ ಮೇಲ್ದುಟಿಯ ಮೇಲೆ ಬೆವರು. ಎಡ ಭುಜವನ್ನು ಎರಡು ಸಲ ಒತ್ತಿಕೊಂಡಳು. ಎದುರಾಳಿಯೊಬ್ಬಳು, "ವಹಿನಿ, ನೀರು ಬೇಕಾ?" ಎಂದು ಕೇಳಿದಳು. ನಾನು ಕೇಳಲಿಲ್ಲ. ರೂಲ್ಸ್ ಆರ್ ರೂಲ್ಸ್ ಎಂದು ಕುತ್ತಿಗೆ ನೆಟ್ಟಗೆ ಮಾಡಿ ಕೂತೆ. ಕೊನೆಯ ಬೋರ್ಡಿನಲ್ಲಿ ಆಕೆ ಕ್ವೀನ್ ಹಾಕಿ ಕವರ್ ಕೂಡ ಮಾಡಿದಳು. ಗೆದ್ದೆವು. ಫೋಟೋದಲ್ಲಿ ಆಕೆ ಕುರ್ಚಿ ಹಿಡಿದು ನಿಂತಿದ್ದಾಳೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಾ ಕುಸಿದು ತೀರಿಹೋದಳಂತೆ. ಹೇಳಿದ್ದು ಸೊಸೆ. ಅವತ್ತು ಆ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ನಾನು ಆಕೆಯನ್ನು ಕಡೆಯದಾಗಿ ನೋಡಿದ್ದು ಆ ಭಾನುವಾರವೇ, ಅಂಧೇರಿ ಸ್ಟೇಷನ್ನಿನಲ್ಲಿ. ಗೋರೆಗಾಂವ್‌ನಿಂದ ಒಂದೇ ಲೋಕಲ್‌ನಲ್ಲಿ ಬಂದೆವು. ಮೆಟ್ರೋ ಹಿಡಿಯಲು ಆಕೆ ಅಲ್ಲಿ ಇಳಿಯಬೇಕು, ನನ್ನದು ಮುಂದಿನ ಸ್ಟೇಷನ್. "ಬರ್ತೀನ್ರೀ ಅಕ್ಕಾ" ಎಂದು ಇಳಿದಳು. ಲೇಡೀಸ್ ಡಬ್ಬಿಯ ಕಿಟಕಿಗೆ ಸರಿಯಾಗಿ ಬ್ರಿಜ್ಜಿನ ಮೆಟ್ಟಿಲುಗಳಿದ್ದವು. ನಾಲ್ಕು ಹತ್ತಿ ನಿಂತಳು. ಕಂಬಿ ಹಿಡಿದಳು. ಹಿಂದಿನಿಂದ ಬಂದ ಜನ ಗೊಣಗುತ್ತಾ ಆಕೆಯ ಎರಡೂ ಬದಿಯಿಂದ ಹತ್ತಿ ಹೋದರು. ನಾನು ಇಳಿಯುವಷ್ಟು ಹೊತ್ತು ಗಾಡಿ ನಿಂತಿತ್ತು. ಗಡಿಯಾರ ನೋಡಿಕೊಂಡೆ, ಐದು ಗಂಟೆಗೆ ಎರಡನೇ ಮಹಡಿಯವರ ಹಳದಿ-ಕುಂಕುಮವಿತ್ತು. ಗಾಡಿ ಹೊರಟಾಗಲೂ ಆಕೆ ಐದನೇ ಮೆಟ್ಟಿಲಿಗೆ ಕಾಲಿಟ್ಟಿರಲಿಲ್ಲ.