“ಒಮ್ಮೆ ನಗಾಡಿ ನೋಡುವ”

ಬಲ್ಮಠದ ಬಸ್ ನಿಲ್ದಾಣದ ಬಳಿ ನಿಂತು ಎಳನೀರಿನ ಬೊಂಡ ಕುಡಿಯುತ್ತಿದ್ದ ನನ್ನ ಬಾಯಿಯನ್ನೇ ಒಬ್ಬ ಮನುಷ್ಯ ದಿಟ್ಟಿಸುತ್ತಿದ್ದ. ಕೆಂಪಡರಿದ ಕಣ್ಣು, ಗಂಟಿಕ್ಕಿದ ಹುಬ್ಬು. ಇವನು ಒಳ್ಳೆಯವನಲ್ಲ ಎಂದು ತೀರ್ಮಾನಿಸಲು ನನಗೆ ಒಂದು ನೋಟ ಸಾಕಾಯಿತು. ಕೈಚೀಲವನ್ನು ಎದೆಗೊತ್ತಿಕೊಂಡು ಸರಿದು ನಿಂತೆ. ಅವನು ನೇರ ನನ್ನ ಹತ್ತಿರಕ್ಕೇ ಬಂದ.

“ಮೇಡಂ, ಒಮ್ಮೆ ನಗಾಡಿ ನೋಡುವ.”

ಹಾಡಹಗಲಲ್ಲಿ, ಅಷ್ಟು ಜನರ ನಡುವೆ! ಗದರಿಸಲು ಬಾಯಿ ತೆರೆದರೆ ಮಾತು ತೊದಲಿತು. ಕುಡಿದ ಎಳನೀರು ತುಟಿಯಂಚಿನಿಂದ ಸೋರಿ ಸೀರೆಯೆಲ್ಲ ಒದ್ದೆಯಾಗಿದ್ದು ಆಗಲೇ ಗಮನಕ್ಕೆ ಬಂತು.

“ಆಮೇಲೆ ಬೇಕಾದಷ್ಟು ಬೈಯಿರಿ. ನಿಮ್ಮ ಬಾಯಿ ಒಂದು ಬದಿಗೆ ಓರೆ ಆಗ್ತಾ ಉಂಟು. ನನ್ನ ಹೆಂಡತಿಗೂ ಹೀಗೆಯೇ ಆದದ್ದು, ನಾವು ತಡ ಮಾಡಿದೆವು. ಈಗಲೇ ಆಸ್ಪತ್ರೆಗೆ ಹೋಗುವ.”

ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡು ನಗಲು ಪ್ರಯತ್ನಿಸಿದೆ. ಬಲ ಅರ್ಧ ಮಾತ್ರ ನಕ್ಕಿತು. ಎಡ ಅರ್ಧ ಬೇರೆ ಯಾರದೋ ಮುಖದಂತೆ ಜೋತುಬಿದ್ದಿತ್ತು. ಅವನ ಬಗೆಗಿನ ಹೆದರಿಕೆ ಇನ್ನೂ ಹೋಗಿರಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿದ್ದರಿಂದ ಅವನ ಜತೆ ರಿಕ್ಷಾ ಹತ್ತಿದೆ. ಇದು ಪಾರ್ಶ್ವವಾಯು, ಬೇಗ ಬಂದದ್ದರಿಂದ ಬಚಾವಾದಿರಿ ಎಂದರು ವೈದ್ಯರು.

ಈಗ ಮಾತು ಮರಳಿದೆ. ನಗು ಮಾತ್ರ ಇನ್ನೂ ಎಡಗಡೆಗೆ ತಲುಪುವುದಿಲ್ಲ. ಮೊನ್ನೆ ಬಿಕರ್ನಕಟ್ಟೆಗೆ ಹೋಗುವ ಬಸ್ಸಿನಲ್ಲಿ, ಪಕ್ಕದಲ್ಲಿ ಕುಳಿತ ಹುಡುಗಿಯನ್ನು ನೋಡಿ ನಕ್ಕೆ. ಅವಳು ಮೆಲ್ಲನೆ ಕೈಚೀಲವನ್ನು ಎದೆಗೊತ್ತಿಕೊಂಡಳು.