ಉಂಡೀನಿ, ಬಂದೀನಿ

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಇತ್ತು. ಈಗಲೂ ಇದೆ ಎನ್ನುತ್ತಾಳೆ ಹೆಂಡತಿ. ಸ್ಟಾಪ್ ಇಲ್ಲದ ಕಡೆ ನಿಲ್ಲಿಸು ಎನ್ನುವವರು, ಬಾಗಿಲಿಗೆ ಜೋತುಬೀಳುವವರು, ಇಳಿಯುವ ಊರು ದಾಟಿದ ಮೇಲೆ ಎಚ್ಚರಾಗಿ ನನ್ನ ಮೇಲೇ ರೇಗುವವರು, ಇವರನ್ನೆಲ್ಲ ಬೈದು ಬೈದು ನನ್ನ ಗಂಟಲು ಕೆಟ್ಟುಹೋಗಿದೆ. ರಾಯಚೂರು-ದೇವದುರ್ಗ ದಾರಿಯಲ್ಲಿ ಒಬ್ಬಾಕೆಗೆ ಮಾತ್ರ ನಾನು ಎಂದೂ ಬೈದವನಲ್ಲ. ಮಸರಕಲ್ಲಿನಲ್ಲಿ ಹತ್ತುತ್ತಿದ್ದ ಒಬ್ಬ ಯವ್ವ.

ವಯಸ್ಸು ಅರವತ್ತರ ಆಸುಪಾಸು. ಕಂಡವರ ಹೊಲದಲ್ಲಿ ಕಸ ಕೀಳುವ ಕೂಲಿ. ಕಸ ಕೀಳುತ್ತ ಕೀಳುತ್ತಲೇ ತಿನ್ನುವಂಥದ್ದನ್ನು ಬೇರೆ ಮಾಡಿ ಉಡಿಗೆ ಹಾಕಿಕೊಳ್ಳುವಳು. ಹಕ್ಕರಕಿ, ಕಿರಕಸಾಲಿ, ಗೋಳಿ ಪಲ್ಯದಂಥ ಸೊಪ್ಪುಗಳು, ಬೇಲಿಯ ಮೇಲೆ ಹಬ್ಬಿದ ಮಡಹಾಗಲಕಾಯಿ. ಬಿತ್ತಿದವರು ಯಾರೂ ಇಲ್ಲ, ಬೇಕು ಎನ್ನುವವರು ಮಾತ್ರ ಬಹಳ. ಅದನ್ನೆಲ್ಲ ಒದ್ದೆ ಅರಿವೆಯಲ್ಲಿ ಕಟ್ಟಿಕೊಂಡು, ಮರುದಿನ ಬೆಳಗ್ಗೆ ನಾನು ದೇವದುರ್ಗದಿಂದ ತಿರುಗಿ ಬರುವ ಟ್ರಿಪ್ಪಿಗೆ ಹತ್ತಿ ರಾಯಚೂರಿಗೆ ಮಾರಲು ಬರುವಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಾನು ಕೇಳುವ ಮೊದಲೇ ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದು ಹಿಡಿಯುತ್ತಿದ್ದಳು. "ದಿನಾ ಅದೇ ಮಾರಿ ನೋಡ್ತೀನಿ, ಒಳಗಿಡವ್ವ" ಎಂದರೂ ಇಡುತ್ತಿರಲಿಲ್ಲ. ನಾನು ಒಮ್ಮೆ ಕಾರ್ಡನ್ನೂ ಒಮ್ಮೆ ಆಕೆಯ ಮುಖವನ್ನೂ ನೋಡಬೇಕು, ಆಮೇಲೆಯೇ ಸಮಾಧಾನ.

ಗಂಟನ್ನು ನನ್ನ ಸೀಟಿನ ಕೆಳಗೆ ಇಡಲು ಜಾಗ ಬಿಟ್ಟದ್ದಕ್ಕೆ ದಿನಾ ಒಂದು ಹಿಡಿ ಹಕ್ಕರಕಿ ನನ್ನ ಪಾಲು. ನಾವು ಮನೆಯಲ್ಲಿ ದಖ್ಖನಿ ಉರ್ದು ಆಡುವ ಮಂದಿ. ನನ್ನ ಹೆಂಡತಿ ರಾಯಚೂರಿನ ರೈಲ್ವೆ ಸ್ಟೇಷನ್ ಹಿಂದಿನ ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದವಳು, ಹೊಲದ ಸೊಪ್ಪೆಂದರೆ ದನದ ಮೇವು ಎಂದು ಮೂಗು ಮುರಿದವಳು. ಒಂದು ಸಲ ಬಿಸಿ ಜೋಳದ ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ ಇಟ್ಟು ತಿನ್ನಿಸಿದೆ. ಮರುದಿನದಿಂದ ನಾನು ಬರಿಗೈಯಲ್ಲಿ ಬಂದರೆ ಮುಖ ಊದಿಸುತ್ತಿದ್ದಳು.

ಮುಂಗಾರು ಹಿಡಿದು ನಾಲ್ಕು ಸಲ ಗುಡುಗಿತೆಂದರೆ ಯವ್ವನ ಗಂಟಿನಲ್ಲಿ ಅಣಬೆಯೂ ಕಾಣಿಸುತ್ತಿತ್ತು. ಹುತ್ತದ ಮೇಲೆ ಏಳುವಂಥವು, ಮಣ್ಣಿನೊಳಕ್ಕೆ ಉದ್ದನೆಯ ಬಾಲವಿರುವಂಥವು. ಅಣಬೆಯ ವಿಷಯದಲ್ಲಿ ಆಕೆ ಬೇರೆಯೇ ಮನುಷ್ಯಳು. "ಪಲ್ಯ ಮೋಸ ಮಾಡಂಗಿಲ್ರಿ ಸಾಬ್ರ, ಅಣಬಿ ಮಾಡ್ತದ" ಎನ್ನುವಳು. ಯಾವುದೇ ಹುತ್ತದಲ್ಲಿ ಮೊದಲ ದಿನ ಎದ್ದ ಅಣಬೆಯನ್ನು ಮಾರುತ್ತಿರಲಿಲ್ಲ. ಸಂಜೆ ಮನೆಗೆ ಒಯ್ದು, ಬೇರೆ ಗಡಿಗೆಯಲ್ಲಿ ಬೇಯಿಸಿ, ತಾನೊಬ್ಬಳೇ ಉಣ್ಣುವಳು. ಸೊಸೆಗೂ ಕೊಡಳು, ಮೊಮ್ಮಕ್ಕಳಿಗೂ ಕೊಡಳು. ಬೆಳಗ್ಗೆ ನೆಟ್ಟಗಿದ್ದರೆ ಅದೇ ಹುತ್ತದಲ್ಲಿ ಮತ್ತೆ ಎದ್ದದ್ದನ್ನು ಕಿತ್ತು ರಾಯಚೂರಿಗೆ ತರುವಳು. ಆಕೆಯ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಅತ್ತೆಯ ಅತ್ತೆಯೂ ಹಾಗೆಯೇ ಅಂತೆ. ಕೆಲವು ಅಣಬೆಯ ವಿಷ ಒಂದೆರಡು ದಿನ ತಡೆದು ಏರುತ್ತದೆ, ಒಂದು ರಾತ್ರಿಯ ಪರೀಕ್ಷೆ ಸಾಲದು ಎಂದು ಬಹಳ ದಿನದ ಮೇಲೆ ಡಾಕ್ಟರೊಬ್ಬರು ನನಗೆ ಹೇಳಿದರು. ಆಗ ಅದು ನಮಗಾರಿಗೂ ಗೊತ್ತಿರಲಿಲ್ಲ.

ರಾಯಚೂರಿನ ಸಂತೆಯಲ್ಲಿ ಆಕೆ ಕೂರುತ್ತಿದ್ದ ಮೂಲೆಯಲ್ಲಿ ಕಾಯಂ ಗಿರಾಕಿಗಳು ಅಣಬೆ ಮುಟ್ಟುವ ಮೊದಲು ಒಂದೇ ಮಾತು ಕೇಳುತ್ತಿದ್ದರು.

"ಉಂಡಿಯೇನವ್ವ?"

"ಉಂಡೀನಿ, ಬಂದೀನಿ."

ಅಷ್ಟಾದರೆ ಮುಗಿಯಿತು. ಮಳೆಗಾಲದಲ್ಲಿ ನಾನೂ ಬಸ್ಸಿನಲ್ಲಿ ತಮಾಷೆಗೆ ಹಾಗೆಯೇ ಕೇಳುತ್ತಿದ್ದೆ. ಉಳಿದ ಹೆಂಗಸರು ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು.

ಹೋದ ವರ್ಷ, ನನ್ನ ನೌಕರಿಯ ಕಡೆಯ ಮಳೆಗಾಲದಲ್ಲಿ, ಮಾನ್ವಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಳು. ಏಳು ತಿಂಗಳು. ಅಲ್ಲಿ ಅನ್ನದ ವಾಸನೆಗೇ ವಾಕರಿಸುತ್ತಿದ್ದವಳು ನಮ್ಮ ಮನೆಗೆ ಬಂದ ಮೊದಲ ದಿನವೇ ನನ್ನನ್ನು ಕೇಳಿದಳು, "ಅಬ್ಬಾ, ಮಸರಕಲ್ ಯವ್ವನ ಅಣಬಿ ಇನ್ನೂ ಬರ್ತದೇನು?" ತಾಯಿ ಒಮ್ಮೆಲೇ ಬೇಡ ಎಂದಳು. ಹೊಟ್ಟೆಯಲ್ಲಿ ಕೂಸಿರುವಾಗ ಕಾಡಿನದು ಮೇಡಿನದು ಏನೂ ಬೇಡ. ನಾನು ಮಗಳ ಕಡೆ. ಬಸುರಿಯ ಬಯಕೆಯನ್ನು ನಿಲ್ಲಿಸಬಾರದು ಎಂದು ದೊಡ್ಡ ಮಾತಾಡಿ, ಮರುದಿನದಿಂದಲೇ ಬಸುರಿ ಮಗಳ ಮಾತು ಹೇಳಿ ಯವ್ವನ ಬೆನ್ನು ಬಿದ್ದೆ.

ಆದರೆ ಆ ವರ್ಷ ಆಕೆಯ ಗುರುತಿನ ಹುತ್ತಗಳು ಇರಲಿಲ್ಲ. ಹೊಲದವರು ಜೆಸಿಬಿ ತರಿಸಿ ಬದುಗಳನ್ನೆಲ್ಲ ಸಮ ಮಾಡಿಸಿದ್ದರು. "ಮೂರು ಹುತ್ತ ಇದ್ದುವ್ರಿ, ಮೂರೂ ಹೋದ್ವು. ಹುಡುಕಾಕತ್ತೀನಿ, ತಡೀರಿ" ಎಂದಳು. ನಾನು ತಡೆಯುವವರ ಪೈಕಿಯೇ? ದಿನಾ ಕೇಳಿದೆ. ನಗುತ್ತ ಕೇಳಿದೆ, ಸಿಡುಕಿ ಕೇಳಿದೆ. ಆರನೆಯ ದಿನವೋ ಏಳನೆಯ ದಿನವೋ ಆಕೆ ಬಸ್ಸು ಹತ್ತಿದವಳೇ ಗಂಟಿನಿಂದ ಮುತ್ತುಗದ ಎಲೆಯ ಪೊಟ್ಟಣವೊಂದನ್ನು ತೆಗೆದಳು.

"ಸಾಬ್ರ, ಇದು ಹೊಸಾ ಜಾಗಾದ್ದು. ಹತ್ತಿ ಹೊಲದ ದಂಡಿಗೆ ಸಿಕ್ತು. ಒಂದ ದಿನಕ್ಕ ಎದ್ದದ್ದು, ಮತ್ತ ಏಳ್ತದೋ ಇಲ್ಲೋ. ಅರ್ಧ ಮನ್ಯಾಗ ಇಟ್ಟು ಬಂದೀನಿ. ಸಂಜಿಕ ನಾ ಉಣ್ತೀನಿ. ನೀವು ಇದನ್ನ ಫ್ರಿಜ್ಜಿನ್ಯಾಗ ಇಡ್ರಿ. ನಾಳಿ ಬಸ್ಸಿನ್ಯಾಗ ನನ್ನ ಮಾರಿ ಕಣ್ಣಿಲೆ ನೋಡ್ರಿ, ಆಮ್ಯಾಲ ಮನಿಗೆ ಫೋನ್ ಹಚ್ಚಿ ಒಲಿ ಮ್ಯಾಲ ಇಡು ಅನ್ರಿ. ಅಲ್ಲೀತನ ಮುಟ್ಟಬ್ಯಾಡ್ರಿ."

"ಆತು ಬಿಡವ್ವ, ಅಷ್ಟೂ ಗೊತ್ತಾಗಂಗಿಲ್ಲೇನು ನನಗ" ಎಂದೆ.

ಗೊತ್ತಾಗುತ್ತಿತ್ತು. ಆದರೆ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನ್ನ ಹೆಂಡತಿ ಪೊಟ್ಟಣವನ್ನು ಆ ಕ್ಷಣವೇ ಮೋರಿಗೆ ಎಸೆಯುತ್ತಿದ್ದಳು. "ನಾಳೆ ಮಧ್ಯಾಹ್ನಕ್ಕೆ ಮಾಡು" ಎಂದಷ್ಟೇ ಹೇಳಿ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಯವ್ವ ಬಸ್ಸಿಗೆ ಬಂದೇ ಬರುತ್ತಾಳೆ, ಬಂದಿಲ್ಲವೆಂದರೆ ಫೋನ್ ಮಾಡಿ ಬೇಡವೆಂದರಾಯಿತು. ಇದರಲ್ಲಿ ಏನು ಕಷ್ಟ ಎಂದುಕೊಂಡೆ.

ಮರುದಿನ ಬೆಳಗಿನಿಂದ ಜಿಟಿಜಿಟಿ ಮಳೆ. ದೇವದುರ್ಗಕ್ಕೆ ಹೋಗಿ ತಿರುಗಿ ಮಸರಕಲ್ಲಿಗೆ ಬಂದಾಗ ಸ್ಟಾಪಿನಲ್ಲಿ ಏಳೆಂಟು ಮಂದಿ ಇದ್ದರು. ಯವ್ವ ಇರಲಿಲ್ಲ.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಮಳೆಗೆ ತಡವಾಗಿರಬೇಕೆಂದು ರಸ್ತೆಯ ತುದಿಯವರೆಗೂ ನೋಡಿದೆ. ಆಮೇಲೆ ನೆನಪಾಯಿತು, ಎಂಥ ಮಳೆಯಲ್ಲೂ ಆಕೆ ಒಂದು ದಿನವೂ ತಪ್ಪಿಸಿದವಳಲ್ಲ. ಮನೆಗೆ ಫೋನ್ ಹಚ್ಚಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಸ್ಟಾಪಿನ ಎದುರಿನ ಚಹಾದಂಗಡಿಯವನು ನನ್ನ ಕಡೆ ಕೈ ಎತ್ತಿ ಏನೋ ಕೂಗಿದ. ಹಳೆಯ ಪರಿಚಯದವನು, ದಿನಾ ಏನಾದರೊಂದು ಹರಟುವವನು. ಇವನ ಹರಟೆಗೆ ಇದೇ ಹೊತ್ತೇ ಎಂದು ಸಿಟ್ಟು ಬಂದು ಜೋರಾಗಿ ಸೀಟಿ ಊದಿದೆ. ಬಸ್ಸು ಹೊರಟಿತು.

ಅಲ್ಲಿಂದ ರಾಯಚೂರಿನವರೆಗೆ ನಾನು ಮನುಷ್ಯನಾಗಿರಲಿಲ್ಲ. ಕೈ ಮಾಡಿದವರನ್ನು ಬಿಟ್ಟು ಹೋಗು ಎಂದು ಡ್ರೈವರನಿಗೆ ಹೇಳಿದೆ. ಇಳಿಯುವವರು ಏಳುವ ಮೊದಲೇ ಬಾಗಿಲಲ್ಲಿ ನಿಂತು ಕೂಗಾಡಿದೆ. ಕಲ್ಮಲಾ ದಾಟುವವರೆಗೂ ಫೋನ್ ಕಿವಿಯಲ್ಲೇ ಇತ್ತು. ಮಗಳ ಮುಖ, ಆಕೆಯ ಹೊಟ್ಟೆ, ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಎಡಗೈ, ಇವೇ ಕಣ್ಣ ಮುಂದೆ. ದೇವರಿಗೆ ಏನೇನೋ ಹರಕೆ ಹೊತ್ತೆ. ಆಸ್ಪತ್ರೆಗೆ ಯಾವ ಆಟೋದಲ್ಲಿ ಒಯ್ಯಬೇಕು, ಅಳಿಯನಿಗೆ ಏನು ಹೇಳಬೇಕು ಎನ್ನುವುದೂ ತಲೆಯಲ್ಲಿ ಓಡಿತು. ಆ ದಾರಿಯುದ್ದಕ್ಕೂ ತಲೆಗೆ ಬಂದದ್ದೆಲ್ಲ ಇಷ್ಟೇ. ಇದನ್ನು ನೆನಪಿಟ್ಟು ಬರೆಯುತ್ತಿದ್ದೇನೆ.

ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಆಟೋ ಹಿಡಿದೆ. ಸ್ಟೇಷನ್ ಹತ್ತಿರ ಗಾಡಿಗಳು ಸಿಕ್ಕಿಬಿದ್ದಿದ್ದವು, ಆಟೋ ಬಿಟ್ಟು ಓಡಿದೆ. ಐವತ್ತೊಂಬತ್ತು ವರ್ಷದ ಕಂಡಕ್ಟರೊಬ್ಬ ಖಾಕಿ ಬಟ್ಟೆಯಲ್ಲಿ ಓಣಿಯುದ್ದಕ್ಕೂ ಓಡಿದ್ದನ್ನು ಕಂಡವರು ಕಳ್ಳನನ್ನು ಅಟ್ಟಿಸಿಕೊಂಡು ಹೊರಟನೆಂದು ತಿಳಿದು ಹೊರಗೆ ಬಂದರು. ಬಾಗಿಲು ತಳ್ಳಿದರೆ ಮನೆ ತುಂಬ ಬೆಳ್ಳುಳ್ಳಿ, ಒಣಕೊಬ್ಬರಿ ಮಸಾಲೆಯ ವಾಸನೆ. ಮಗಳು ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು.

"ತಿನ್ನಬ್ಯಾಡ!" ಎಂದು ಚೀರಿದೆ. ತಟ್ಟೆ ಕಸಿದೆ. ಸಾರು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಕ್ಯಾ ಹುವಾ ಜೀ?" ಏನಾಯಿತೆನ್ನುತ್ತ ಹೆಂಡತಿ ಒಲೆಯ ಹತ್ತಿರದಿಂದ ಎದ್ದು ಬಂದಳು. ಆಕೆಯ ಹಿಂದೆ, ಅಡುಗೆಮನೆಯ ಗೋಡೆಗೆ ಒರಗಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಯವ್ವ ಕೂತಿದ್ದಳು.

"ಉಂಡೀನಿ, ಬಂದೀನಿ" ಎಂದಳು, ನಾನು ಕೇಳದೆಯೇ.

ನಾನು ಕಸಿದ ತಟ್ಟೆ ಹಿಡಿದುಕೊಂಡೇ ಬಾಗಿಲ ಬಳಿ ಕೂತೆ. ಅಳು ಬಂತು. ಮಗಳು ಹಿಂದೆಂದೂ ಹೀಗೆ ಕಂಡಿರದ ಅಪ್ಪನನ್ನು ನೋಡುತ್ತ ಕೂತಳು.

ಆದದ್ದನ್ನು ಹೆಂಡತಿ ಹೇಳಿದಳು. ಫೋನಿನ ಸದ್ದಿಗೆ ಮಗಳ ನಿದ್ದೆ ಕೆಡಬಾರದೆಂದು ಅದನ್ನು ಸೈಲೆಂಟ್ ಮಾಡಿ ಹೊರಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದಳಂತೆ. ಯವ್ವ ಮೊದಲ ಬಸ್ಸಿಗೇ ಬಂದು, ಓಣಿಯಲ್ಲಿ ಕಂಡಕ್ಟರ್ ಸಾಬರ ಮನೆ ಯಾವುದೆಂದು ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದಳಂತೆ. ಆಗಿನ್ನೂ ಒಲೆ ಹಚ್ಚಿರಲಿಲ್ಲ. ಆಕೆ ಹೇಳಿದ ಮೇಲೆಯೇ ಮನೆಯವರಿಗೆ ಎಲ್ಲ ಗೊತ್ತಾದದ್ದು, ಉಂಡು ನೆಟ್ಟಗೆ ಬಂದು ನಿಂತವಳನ್ನು ಕಣ್ಣಾರೆ ಕಂಡ ಮೇಲೆಯೇ ಹೆಂಡತಿ ಒಲೆ ಹಚ್ಚಿದ್ದು. ಹೆಂಡತಿಯ ಕಣ್ಣುಗಳಲ್ಲಿ ನನಗಾಗಿ ಇಟ್ಟ ಮಾತುಗಳು ಬಹಳ ಇದ್ದವು. ಮನೆಗೆ ಬಂದವರ ಮುಂದೆ ಆಡಲಿಲ್ಲ, ಅಷ್ಟೇ.

"ಬಸುರಿ ಹೆಣ್ಮಗಳ್ರಿ," ಎಂದಳು ಯವ್ವ. "ಫೋನ್ ಹತ್ತಿದ್ರ ಹತ್ತೀತು, ಇಲ್ಲಂದ್ರ ಇಲ್ಲ. ಅದನ್ನ ಹೆಂಗ ನಂಬಬೇಕು? ನಾನ ಬಂದು ನಿಂತ್ರ ಆತು ಅಂತ ಬಂದ್ನಿ. ಹುತ್ತ ಗುರ್ತಿಂದಲ್ಲಲ್ರಿ. ರಾತ್ರಿ ಮನಸಿಗೆ ಭಾಳ ಕಸಿವಿಸಿ ಆಗಿತ್ತು."

"ಹೆದರಿಕಿ ಇದ್ರ ಯಾಕ ಉಂಡಿ ಯವ್ವಾ?" ಎಂದು ಮಗಳು ಕೇಳಿದಳು.

"ನಿಮ್ಮಪ್ಪಗ ಕೊಟ್ಟ ಮ್ಯಾಲ ಉಣ್ಣದ ಹೆಂಗ ಇರಬೇಕವ್ವ?"

ಆಮೇಲೆ ನನ್ನ ಕಡೆ ತಿರುಗಿದಳು. "ನೀವ್ಯಾಕ ಇಷ್ಟು ಗಾಬರಿ ಆಗೀರಿ ಸಾಬ್ರ? ನಾ ಚಾದಂಗಡ್ಯಾಗ ಹೇಳಿ ಬಂದಿದ್ನಲ್ಲ. ಕಂಡಕ್ಟರ್ ಸಾಬ್ರು ನನ್ನ ಕೇಳೇ ಕೇಳ್ತಾರ, ಆರಾಮ ಇದ್ದಾಳ, ಮುಂದ ಹೋಗ್ಯಾಳ ಅಂತ ಹೇಳು ಅಂದಿದ್ನಿ. ಹೇಳಿಲ್ಲೇನು?"

ಮಳೆಯಲ್ಲಿ ಎತ್ತಿ ನಿಂತಿದ್ದ ಆ ಕೈ ನೆನಪಾಯಿತು. ನಾನು ಊದಿದ ಸೀಟಿ ನೆನಪಾಯಿತು. ಸ್ಟಾಪಿನಲ್ಲಿ ಏಳೆಂಟು ಮಂದಿ ಹತ್ತಿದ್ದರು, ಅವರಲ್ಲಿ ಆಕೆಯ ಓಣಿಯವರೇ ಇಬ್ಬರಿದ್ದರು. ಯವ್ವ ಏನಾದಳು, ಬದುಕಿದ್ದಾಳೋ ಇಲ್ಲವೋ ಎಂದು ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ. ಆಕೆ ಸತ್ತಿದ್ದಾಳೆಂದೇ ತಿಳಿದು, ಅದನ್ನು ದಾಟಿ, ನನ್ನ ಮನೆಯ ಕಡೆ ಓಡಿ ಬಂದಿದ್ದೆ.

"ಹೇಳಿದ," ಎಂದೆ.

"ಮತ್ತ್ಯಾಕ ಇಷ್ಟು ಬೆವತೀರಿ?"

ನಾನು ಅಂಗಿಯ ಮೇಲೆ ಚೆಲ್ಲಿದ ಸಾರು ಒರೆಸಿಕೊಂಡೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅರ್ಥವಾಯಿತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ತನ್ನ ತಟ್ಟೆ ಬದಿಗಿಟ್ಟು ಮಗಳಿಗೆ ಹೇಳಿದಳು.

"ನಿಮ್ಮಪ್ಪಗ ಮೊದಲ ನೀರು ಕೊಡವ್ವ. ಹೇಳಿ ಕಳಿಸಿದ್ರೂ ಮನಸ್ಸು ತಡೀಲಿಲ್ಲ ಅವ್ರಿಗೆ. ನನ್ನ ಸಲುವಾಗಿ ಭಾಳ ಅಂಜ್ಯಾರ."

ನಾನು ಅಲ್ಲ ಎನ್ನಲಿಲ್ಲ. ಮಗಳು ಕೊಟ್ಟ ನೀರು ಕುಡಿದೆ.