ಲೇತಿಗೆ ತಿನ್ನಿಸಿದ ವಿಭೂತಿ

ಹೊಳೆನರಸೀಪುರದಲ್ಲಿ ನಮ್ಮ ಅಕ್ಕನ ಗಂಡನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಹೈಸ್ಕೂಲು ಮುಗಿಸಿ ನಾನು ಅಲ್ಲೇ ಸೇರಿಕೊಂಡೆ. ಅಲ್ಲಿದ್ದ ಒಂದೇ ಲೇತಿನ, ಕಬ್ಬಿಣವನ್ನೂ ಮರವನ್ನೂ ತಿರುಗಿಸಿ ಕಡೆಯುವ ಆ ಯಂತ್ರದ ಮೇಲೆ ನನಗೆ ಹುಚ್ಚು ಮೋಹ. ಭಾವ ಮಾತ್ರ ಒರೆಸುವುದಕ್ಕೆ ಬಿಟ್ಟರೆ ಮುಟ್ಟಗೊಡುತ್ತಿರಲಿಲ್ಲ.

ಯುದ್ಧದ ಕಾಲ, ಬಿಡಿಭಾಗ ಕೊಳ್ಳಲು ಸಿಗುತ್ತಿರಲಿಲ್ಲ. ಲೇತಿನ ಶಾಫ್ಟು ಸವೆದು ಗಡಗಡ ಅಲುಗತೊಡಗಿತು. ಹೊಸ ಶಾಫ್ಟನ್ನೂ ಅದು ಕೂತು ತಿರುಗುವ ಕಂಚಿನ ಬುಷ್‌ಗಳನ್ನೂ ಹಾಸನದಲ್ಲಿ ಎರಕದ ಕೆಲಸದ ಮುದುಕರೊಬ್ಬರು ಮಾಡಿಕೊಟ್ಟರು. ಆಯುಧಪೂಜೆಯ ಮುನ್ನಾದಿನ ಭಾವ ಅರಕಲಗೂಡಿಗೆ ಹೊರಟು ನಿಂತು ಅಂದರು:

"ನೀನೇ ಕೂರ್ಸು ಕಣ್ಲಾ. ನಾನ್ ಬರೋ ಒತ್ಗೆ ಶಾಫ್ಟು ಒಂದೇ ಬೆರಳಿಗೆ ತಿರುಗ್ಬೇಕು. ತಿರುಗಿದ್ರೆ ಲೇತು ನಿಂದು."

ಶಾಫ್ಟಿಗೆ ದೀಪದ ಮಸಿ ಬಳಿದು ತಿರುಗಿಸಬೇಕು. ಬುಷ್ ಒಳಗೆ ಮಸಿ ಹತ್ತಿದ ಕಡೆ ಮಾತ್ರ ಹೆರೆಯಬೇಕು. ಮತ್ತೆ ಮಸಿ, ಮತ್ತೆ ಹೆರೆತ. ಖುಷಿಯಲ್ಲಿ ಕುಣಿಯುತ್ತಿದ್ದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅರ್ಧಕ್ಕೇ ಬಿಟ್ಟೆ. ಎರಡು ಕೈ ಹಾಕಿದರೂ ಶಾಫ್ಟು ಬಿಗಿಯಾಗಿ ಮುಲುಗುತ್ತಿತ್ತು.

ಮರುದಿನ ಪೂಜೆ. ಕಲಸಿದ ವಿಭೂತಿಯನ್ನು ಲೇತಿಗೆ ಮೂರು ಬೆರಳಲ್ಲಿ ಧಾರಾಳವಾಗಿ ಎಳೆದೆ. ಅರ್ಧ ವಿಭೂತಿ ಬುಷ್‌ಗೆ ಎಣ್ಣೆ ಬಿಡುವ ತೂತಿಗೇ ಇಳಿಯಿತು.

"ಅಯ್ಯೋ, ಅದ್ಕೂ ಪ್ರಸಾದ ತಿನ್ನುಸ್ಬುಟ್ಯೇನೋ!" ಎಂದು ಅಕ್ಕ ನಕ್ಕಳು.

ಪೂಜೆಯ ದಿನ ಯಂತ್ರ ತಿರುಗಿಸಬಾರದು. ತಿರುಗಿಸಿದೆ. ಕರಕರ ಸದ್ದಾಯಿತು, ಬೂದುಬಣ್ಣದ ಎಣ್ಣೆ ಸೋರಿತು, ವಿಭೂತಿ ಮರಳಿನಂತೆ ಬುಷ್ ಉಜ್ಜಿ ಶಾಫ್ಟು ನೋಡನೋಡುತ್ತಾ ಸಡಿಲವಾಯಿತು! ಅಕ್ಕನೂ ಸೆರಗು ಸಿಕ್ಕಿಸಿ ಕೈಹಾಕಿದಳು. ರಾಗಿ ಬೀಸುವ ಹಾಗೆ ಇಬ್ಬರೂ ಸರದಿಯಲ್ಲಿ ತಿರುಗಿಸಿ, ನಕ್ಕು ನಕ್ಕು ನೆಲಕ್ಕೆ ಕುಸಿದೆವು.

ಭಾವ ಬಂದವರೇ ಬೆರಳಿಟ್ಟರು. "ಎಲಾ ಇವ್ನ! ಬೆಣ್ಣೆ ಬೆಣ್ಣೆ ಅಂಗೆ ಐತಲ್ಲೋ!"

ಲೇತು ನನ್ನದಾಯಿತು. ಅಕ್ಕನ ಲಟ್ಟಣಿಗೆಯನ್ನೂ ಬಿಡದೆ ಅದಕ್ಕೆ ಕೊಟ್ಟು ನುಣುಪು ಮಾಡಿದೆ.

ದೀಪಾವಳಿಯ ಹೊತ್ತಿಗೆ ಒಳಗುಳಿದ ಬೂದಿ ಬುಷ್‌ಗಳನ್ನು ತಿಂದುಹಾಕಿತ್ತು. ಮತ್ತೆ ಗಡಗಡ. "ಆವಯ್ಯ ಕಂಚು ಸುರ್ದಿಲ್ಲ, ಬೆಲ್ಲ ಸುರ್ದವ್ನೆ!" ಎಂದು ಭಾವ ಹಾಸನದ ಬಸ್ಸಿಗೆ ಹೊರಟರು. ಅಕ್ಕ ಮೊಣಕೈಯಲ್ಲಿ ತಿವಿದಳು: "ನಿಜ ಏಳ್ಬುಡೋ." ಹೇಳಿದರೆ ಲೇತು ಹೋಗುತ್ತಿತ್ತು. ಹೇಳಲಿಲ್ಲ.

ಸಂಜೆ ಭಾವ ಹೊಸ ಬುಷ್‌ಗಳೊಂದಿಗೆ ಬಂದರು. "ಪಾಪ, ಆವಯ್ಯ ಎರಕ ಕೆಟ್ಟಿರ್ಬೇಕು, ತಪ್ಪು ನಂದೇ ಅಂತ ಪುಕ್ಸಟ್ಟೆ ಮಾಡ್ಕೊಟ್ಟ ಕಣ್ಲಾ."

ಅಂದಿನಿಂದ ಆಯುಧಪೂಜೆಗೆ ಮೊದಲು ನಾನು ಎಣ್ಣೆಯ ತೂತಿಗೆ ಹತ್ತಿ ತುರುಕುತ್ತೇನೆ. ಭಾವನ ಮಕ್ಕಳು ಅದನ್ನು ಹಿರಿಯರ ಶಾಸ್ತ್ರವೆಂದೇ ತಿಳಿದಿದ್ದಾರೆ; ಹತ್ತಿ ಇಡದೆ ಕರ್ಪೂರ ಹಚ್ಚುವುದಿಲ್ಲ. ನನಗೆ ಈಗಲೂ ನಗು ಬರುತ್ತದೆ, ನಾಚಿಕೆಯೂ. ಆ ಮುದುಕರು ಬದುಕಿದ್ದಷ್ಟು ಕಾಲ ಹಾಸನದ ಬಸ್ಸನ್ನು ನಾನು ಎಷ್ಟೋ ಸಲ ಹತ್ತಿದ್ದೆ. ಅವರ ಅಂಗಡಿಗೆ ಹೋಗಿ "ನಿಮ್ಮ ಎರಕ ಚೆನ್ನಾಗೇ ಇತ್ತು, ಅಜ್ಜ" ಎನ್ನಲಿಲ್ಲ.